ಪಕ್ಕದ ಬೆಂಚು

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು 2008ರಿಂದ ಹದಿಮೂರು ವರ್ಷ ಎಚ್‌ಐವಿ ಪರೀಕ್ಷಾ ಕೇಂದ್ರದ ಆಪ್ತಸಮಾಲೋಚಕಿಯಾಗಿದ್ದೆ. ನನ್ನ ಕೊಠಡಿಯ ಬಾಗಿಲ ಬಳಿ ಒಂದು ಬೆಂಚು ಇತ್ತು. ಅದು ಬಹುತೇಕ ಖಾಲಿಯಾಗಿರುತ್ತಿತ್ತು. ಪಕ್ಕದ್ದು ಹಲ್ಲಿನ ಡಾಕ್ಟರ ಕೊಠಡಿ, ಅಲ್ಲಿನ ಬೆಂಚು ಮಾತ್ರ ಸದಾ ತುಂಬಿರುತ್ತಿತ್ತು. ನಮ್ಮ ತಾಲ್ಲೂಕಿನ ಜನರ ಹಲ್ಲುಗಳು ಅಷ್ಟೊಂದು ಕೆಟ್ಟಿರಲಿಲ್ಲ. ನನ್ನನ್ನು ನೋಡಲು ಬಂದವರು ಅಲ್ಲಿ ಕೂತು, ಕೆಲವರು ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು, ನನ್ನ ಮಿಸ್ಡ್ ಕಾಲ್‌ಗಾಗಿ ಕಾಯುತ್ತಿದ್ದರು. ಫೋನು ಒಮ್ಮೆ ಸದ್ದು ಮಾಡಿ ನಿಂತರೆ ಒಳಗೆ ಬರಬಹುದು ಎಂದರ್ಥ. ಈ ಏರ್ಪಾಡು ನಾನು ಮಾಡಿದ್ದಲ್ಲ. ಯಾರೋ ಒಬ್ಬರು ಕೇಳಿಕೊಂಡರು, ಇನ್ನೊಬ್ಬರೂ ಅದನ್ನೇ ಕೇಳಿದರು, ವರ್ಷ ತುಂಬುವುದರೊಳಗೆ ಅದು ಕೇಂದ್ರದ ಪದ್ಧತಿಯಾಗಿತ್ತು.

ಹೊಸದರಲ್ಲಿ ಆ ಪಕ್ಕದ ಬೆಂಚು ನನಗೆ ನನ್ನ ಸೋಲಿನಂತೆ ಕಾಣುತ್ತಿತ್ತು. ತರಬೇತಿಯಲ್ಲಿ ಕಲಿತದ್ದು ಒಪ್ಪಿಕೊಳ್ಳುವುದರ ಬಗ್ಗೆ, ಮನಬಿಚ್ಚಿ ಮಾತನಾಡುವುದರ ಬಗ್ಗೆ. ನನ್ನ ಬೆಂಚಿನ ಮೇಲೆ ಜನ ಧೈರ್ಯವಾಗಿ ಕೂರುವ ದಿನ ಬಂದರೆ ನನ್ನ ಕೆಲಸ ಸಾರ್ಥಕ ಎಂದುಕೊಂಡಿದ್ದೆ. ಈ ಸೋಂಕಿನ ಜೊತೆ ಬದುಕುವವರ ಮನಸ್ಸು ನಿಭಾಯಿಸಿಕೊಳ್ಳುವ ಬಗೆಯೇ ಆ ಪಕ್ಕದ ಬೆಂಚಿನಲ್ಲಿದೆ ಎಂದು ತಿಳಿಯಲು ನನಗೆ ನಾಲ್ಕೈದು ವರ್ಷ ಹಿಡಿಯಿತು, ಒಂದು ದೊಡ್ಡ ತಪ್ಪೂ ಆಗಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ. ಗುರುತು ಸಿಗಬಾರದೆಂದು ಊರು, ವಯಸ್ಸು, ಕಸುಬುಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಒಂದು ಕಡೆ ಬರುವ ರೇಷ್ಮೆಯನ್ನು ಮಾತ್ರ ಬದಲಿಸಲಾಗಲಿಲ್ಲ. ಅದಿಲ್ಲದೆ ಆ ಸಂಗತಿಯೇ ಇಲ್ಲ, ಮತ್ತು ಹುಳು ಸಾಕುವ ಮನೆಗಳು ನಮ್ಮ ಕಡೆ ಊರೂರಿಗೂ ಇವೆ.

ಫಲಿತಾಂಶ ಹೇಳಿದ ಕೂಡಲೇ ಜನ ಏನು ಕೇಳುತ್ತಾರೆ ಎಂದು ನನ್ನನ್ನು ವಿಚಾರಿಸುವವರು ಬಹಳ. ಎಷ್ಟು ದಿನ ಬದುಕುತ್ತೇನೆ ಎಂದು ಕೇಳುತ್ತಾರೆಂಬುದು ಅವರ ಊಹೆ. ಅದನ್ನು ಕೇಳಿದವರೂ ಇದ್ದರು, ಆದರೆ ಹೆಚ್ಚು ಸಲ ನನ್ನ ಕಿವಿಗೆ ಬಿದ್ದ ಮೊದಲ ಪ್ರಶ್ನೆ, "ಇದು ಯಾರ್ಗೂ ಗೊತ್ತಾಗಲ್ಲ ತಾನೆ ಮೇಡಂ?" ಎಂಬುದು. ಸಾವಿನ ಭಯ ಕಡಿಮೆಯಾಗಲು ಕಾರಣಗಳಿದ್ದವು. 1986ರಲ್ಲಿ ಚೆನ್ನೈನಲ್ಲಿ ದೇಶದ ಮೊದಲ ಸೋಂಕುಗಳು ಪತ್ತೆಯಾದ ಮೇಲೆ ಸುಮಾರು ಎರಡು ದಶಕ ಬಡವರಿಗೆ ಔಷಧವೇ ಇರಲಿಲ್ಲ. ವೈರಸ್ಸನ್ನು ಹತ್ತಿಕ್ಕುವ ಔಷಧವನ್ನು, ಅಂದರೆ ಸರ್ಕಾರ ಉಚಿತವಾಗಿ ಎಆರ್‌ಟಿ ಮಾತ್ರೆ ಕೊಡಲು ಆರಂಭಿಸಿದ್ದು 2004ರ ಏಪ್ರಿಲ್ 1ರಂದು, ಅದೂ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ಕೆಲವೇ ರಾಜ್ಯಗಳಲ್ಲಿ. ಆಗ ಸಿಡಿ4 ಕೌಂಟ್, ಅಂದರೆ ರಕ್ತದಲ್ಲಿನ ರೋಗನಿರೋಧಕ ಕಣಗಳ ಎಣಿಕೆ, 200ಕ್ಕಿಂತ ಕೆಳಗಿಳಿಯುವವರೆಗೆ ಕಾಯಬೇಕಿತ್ತು. ಆಮೇಲೆ 350 ಆಯಿತು, 500 ಆಯಿತು, 2017ರಿಂದ ಕೌಂಟ್ ಎಷ್ಟೇ ಇರಲಿ, ಸೋಂಕು ಖಚಿತವಾದ ಕೂಡಲೇ ಚಿಕಿತ್ಸೆ. ಔಷಧ ಹತ್ತಿರ ಬಂದಷ್ಟೂ ಸಾವು ದೂರ ಹೋಯಿತು. ನಾಲ್ಕು ಜನಕ್ಕೆ ತಿಳಿಯುವ ಭಯ ಮಾತ್ರ ಇದ್ದಲ್ಲೇ ಇತ್ತು. ಬದುಕುವ ವರ್ಷಗಳು ಹೆಚ್ಚಾದವೆಂದರೆ ಬಚ್ಚಿಡಬೇಕಾದ ವರ್ಷಗಳೂ ಹೆಚ್ಚಾದವು ಎಂದಾಯಿತು.

ನಮ್ಮ ಕಡೆ ಈ ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡದಲ್ಲಿ "ಆ ಕಾಯಿಲೆ", ಗಡಿಯ ಕಡೆಯ ತೆಲುಗಿನಲ್ಲಿ "ಪೆದ್ದ ಜಬ್ಬು". ಹೆಸರಿಲ್ಲದ್ದನ್ನು ಅಡಗಿಸುವುದು ಸುಲಭ ಎನ್ನಿಸಬಹುದು, ಆದರೆ ಅದಕ್ಕೆ ಪ್ರತಿದಿನವೂ ಲೆಕ್ಕಾಚಾರ ಬೇಕು. ಮಾತ್ರೆಯ ಡಬ್ಬಿಯನ್ನೇ ತೆಗೆದುಕೊಳ್ಳಿ. ಒಂದು ತಿಂಗಳ ಮೂವತ್ತು ಮಾತ್ರೆಗಳಿರುವ ಪ್ಲಾಸ್ಟಿಕ್ ಡಬ್ಬಿ ಚೀಲದಲ್ಲಿ ಗಲಗಲ ಎನ್ನುತ್ತದೆ. ಖಾಸಗಿ ಬಸ್ಸು ಹಳ್ಳದಲ್ಲಿ ಕುಲುಕಿದಾಗಲೆಲ್ಲ ಇಡೀ ಬಸ್ಸಿಗೇ ಕೇಳಿಸಿದಂತಾಗುತ್ತದೆ. ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಗಾರೆ ಕೆಲಸದವರು ಅದರೊಳಗೆ ಹತ್ತಿ ತುರುಕಿ ಸದ್ದಡಗಿಸುತ್ತಿದ್ದರು, ಲೇಬಲ್ಲನ್ನು ಆಸ್ಪತ್ರೆಯ ನಲ್ಲಿಯಲ್ಲೇ ನೆನೆಸಿ ಉಗುರಿನಿಂದ ಕೆರೆದು ತೆಗೆಯುತ್ತಿದ್ದರು. ಚಿಕಿತ್ಸೆಯ ಹಸಿರು ಪುಸ್ತಕಕ್ಕೆ ಮಗನ ಗಣಿತದ ನೋಟ್‌ಬುಕ್ಕಿನ ಹೊದಿಕೆ ಹಾಕಿದವರಿದ್ದರು. ಮಾತ್ರೆಯನ್ನು ಯಾವ ಊರಿನಲ್ಲಿ ಪಡೆಯಬೇಕೆಂಬುದೂ ಲೆಕ್ಕವೇ. ಚಿಂತಾಮಣಿಯವರು ಕೋಲಾರಕ್ಕೆ, ಕೋಲಾರದವರು ಬೆಂಗಳೂರಿಗೆ. ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಕೇಂದ್ರ ತೆರೆದ ಮೇಲೂ ಮೊದಲ ವರ್ಷಗಳ ಅಭ್ಯಾಸದಂತೆ ಬೌರಿಂಗ್ ಆಸ್ಪತ್ರೆಗೇ ಹೋಗಿಬರುತ್ತಿದ್ದವರನ್ನು ನಾನು ಬಲ್ಲೆ; ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು ಅವರು ಗುಟ್ಟಿಗೆ ತೆರುತ್ತಿದ್ದ ಬೆಲೆ.

ಇಷ್ಟೆಲ್ಲ ಮಾಡಿಯೂ ಮೈ ಗುಟ್ಟನ್ನು ಬಿಟ್ಟುಕೊಡುವ ಕಾಲವೊಂದಿತ್ತು. ಮೊದಲ ವರ್ಷಗಳ ಚಿಕಿತ್ಸೆಯಲ್ಲಿದ್ದ ಸ್ಟಾವುಡಿನ್ ಎಂಬ ಮಾತ್ರೆ ಜೀವವನ್ನೇನೋ ಉಳಿಸುತ್ತಿತ್ತು, ಆದರೆ ಬರಬರುತ್ತ ಮುಖದ ಕೊಬ್ಬನ್ನು ಕರಗಿಸಿ ಕೆನ್ನೆಗಳನ್ನು ಒಳಕ್ಕೆ ಎಳೆದುಬಿಡುತ್ತಿತ್ತು. ಜಿಡೊವುಡಿನ್ ತೆಗೆದುಕೊಂಡ ಕೆಲವರ ಉಗುರುಗಳು ಕಪ್ಪಾಗುತ್ತಿದ್ದವು. ಆಮೇಲೆ ಬಂದ ಎಫಾವಿರೆಂಜ್ ಹೊರಗೆ ಕಾಣುವಂಥದ್ದೇನನ್ನೂ ಮಾಡಲಿಲ್ಲ, ಕನಸಿಗೆ ಕೈಹಾಕಿತು. ರಾತ್ರಿ ಮಲಗುವಾಗ ನುಂಗುವ ಆ ಮಾತ್ರೆಯಿಂದ ಮೊದಲ ಕೆಲವು ವಾರ ತಲೆ ತಿರುಗುವುದು, ಎಚ್ಚರವೋ ನಿದ್ದೆಯೋ ತಿಳಿಯದಂಥ ಕಣ್ಣಿಗೆ ಕಟ್ಟುವ ಕನಸುಗಳು ಬೀಳುವುದು ಸಾಮಾನ್ಯವಾಗಿತ್ತು, ಕೆಲವರಿಗೆ ಮನಸ್ಸೇ ಕುಗ್ಗಿಹೋಗುತ್ತಿತ್ತು. ಸತ್ತುಹೋದ ಹೆಂಡತಿ ದಿನವೂ ಕಾಲ ಬಳಿ ಬಂದು ಕೂರುತ್ತಾಳೆಂದು ಒಬ್ಬರು ತಾಯಿತ ಕಟ್ಟಿಸಿಕೊಂಡು ಬಂದಿದ್ದರು. ಇದು ಮಾತ್ರೆಯ ಪರಿಣಾಮ, ತಾನಾಗಿ ಇಳಿಯುತ್ತದೆ ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇನ್ಮೇಲೆ ಬರಲ್ವಾ ಅವಳು?" ಎಂದು ಕೇಳಿದರು. ಆ ಪ್ರಶ್ನೆಗೆ ಯಾವ ತರಬೇತಿಯಲ್ಲೂ ಉತ್ತರವಿರಲಿಲ್ಲ. ಮನಸ್ಸಿನ ಯಾತನೆಯಲ್ಲಿ ಔಷಧದ ಪಾಲೆಷ್ಟು, ಬದುಕಿನ ಪಾಲೆಷ್ಟು ಎಂದು ಬೇರೆ ಮಾಡಿ ತೂಗುವುದು ಆ ದಿನದಿಂದ ನನಗೆ ಕಷ್ಟವಾಯಿತು. 2020ರ ನಂತರ ಡೊಲುಟೆಗ್ರಾವಿರ್ ಸೇರಿದ ದಿನಕ್ಕೊಂದು ಮಾತ್ರೆ ಬಂದು ಈ ಕಾಟ ಬಹುಮಟ್ಟಿಗೆ ತಗ್ಗಿದೆ.

ರೇಷ್ಮೆಯ ಸಂಗತಿಗೆ ಬರುತ್ತೇನೆ. ರೇಷ್ಮೆ ಹುಳು ಸಾಕುತ್ತಿದ್ದ ಒಬ್ಬ ಹೆಣ್ಣುಮಗಳು, ಆಕೆಯ ಗಂಡ ಲಾರಿ ಓಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಆಕೆ ಪರೀಕ್ಷೆಗೆ ಬಂದರು. ಸೋಂಕು ಬಂದದ್ದು ಗಂಡನಿಂದ, "ಗಂಡನ್ನ ತಿಂದ್ಕೊಂಡವಳು" ಎಂಬ ಮಾತು ಬಂದದ್ದು ಆಕೆಗೆ. ನಮ್ಮ ಹಳ್ಳಿಗಳಲ್ಲಿ ಇದೇನೂ ಅಪರೂಪವಲ್ಲ. ಮನೆಯಲ್ಲಿ ಅತ್ತೆ, ಒಬ್ಬ ಮಗ, ಮುಕ್ಕಾಲು ಎಕರೆ ಹಿಪ್ಪುನೇರಳೆ. ಅಡುಗೆಮನೆಯ ಪ್ರತಿ ಡಬ್ಬಕ್ಕೂ ಅತ್ತೆಯ ಕೈ ಹೋಗುತ್ತದೆ, ಟ್ರಂಕಿನ ಬೀಗದ ಕೈ ಎಲ್ಲಿದೆಯೆಂದು ಮಗನಿಗೆ ಗೊತ್ತು, ಹೀಗಿರುವಾಗ ಮಾತ್ರೆಯನ್ನು ಎಲ್ಲಿ ಇಡುವುದು ಎಂಬುದೇ ಮೊದಲ ತಿಂಗಳಿನ ನಮ್ಮ ಮಾತುಕತೆಯೆಲ್ಲ. ಎರಡನೇ ತಿಂಗಳು ಬಂದಾಗ ಆಕೆಯ ಮುಖ ಹಗುರವಾಗಿತ್ತು. ಜಾಗ ಸಿಕ್ಕಿತ್ತು: ಹುಳದ ಮನೆ.

ಹುಳದ ಮನೆಯ ಶಿಸ್ತು ಗೊತ್ತಿಲ್ಲದವರಿಗೆ ಇದರ ಜಾಣತನ ಅರ್ಥವಾಗಲಿಕ್ಕಿಲ್ಲ. ಹೊರಗಿನವರನ್ನು ಅಲ್ಲಿಗೆ ಬಿಡುವುದಿಲ್ಲ. ಚಪ್ಪಲಿ ಹೊರಗೆ, ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್, ಕೈ ತೊಳೆದೇ ಒಳಗೆ. ನೆಂಟರು ಇಣುಕಿದರೆ ಹುಳಕ್ಕೆ ದೃಷ್ಟಿಯಾಗುತ್ತದೆ ಎನ್ನುವವರೂ ಇದ್ದಾರೆ, ರೋಗ ತರುತ್ತಾರೆ ಎನ್ನುವವರೂ ಇದ್ದಾರೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತುವುದಿಲ್ಲ. ರಾತ್ರಿ ಒಂಬತ್ತಕ್ಕೆ ಕೊನೆಯ ಸೊಪ್ಪು ಹಾಕಲು ಆಕೆಯೊಬ್ಬಳೇ ಹೋಗಬೇಕು. ಹುಳದ ಹಾಸಿಗೆಗೆ ಉದುರಿಸುವ ಸುಣ್ಣದ ಪುಡಿಯ ಡಬ್ಬದ ಹಿಂದೆ ಮಾತ್ರೆ, ಪಕ್ಕದಲ್ಲಿ ಒಂದು ಚೊಂಬು ನೀರು. ಸೋಂಕು ತಗಲದಂತೆ ಊರೆಲ್ಲ ದೂರ ನಿಲ್ಲುವ ಜಾಗದಲ್ಲಿ ತನ್ನ ಸೋಂಕಿನ ಮಾತ್ರೆಯನ್ನು ಇಟ್ಟಿದ್ದೇನೆಂದು ಆಕೆ ನಕ್ಕದ್ದನ್ನು ನಾನು ಮರೆತಿಲ್ಲ. "ಹುಳಕ್ಕೆ ಹಾಲುತೊಂಡೆ ಬಂದ್ರೆ ಔಷಧಿ ಇಲ್ಲ ಮೇಡಂ, ತೆಗ್ದು ಬಿಸಾಕೋದೆ. ನಂಗಾದ್ರೆ ಇದೆಯಲ್ಲ," ಎಂದರು. ಹಾಲುತೊಂಡೆಯೂ ವೈರಸ್ಸಿನಿಂದ ಬರುವ ರೋಗವೇ. ವೈರಸ್ ಎಂದರೇನೆಂದು ನಾನು ಚಿತ್ರ ಬಿಡಿಸಿ ಹೇಳಿಕೊಡಬೇಕೆಂದಿದ್ದೆ. ಆಕೆಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಈಗ ನನ್ನ ತಪ್ಪು. ಮಾತ್ರೆಗೆ ಬಾರದವರ ಪಟ್ಟಿ ಹಿಡಿದು ಫೋನು ಮಾಡುವುದು ನಮ್ಮ ಕೆಲಸಗಳಲ್ಲೊಂದು. ಮೂವತ್ತು ಮಾತ್ರೆಗಳಲ್ಲಿ ಒಂದೆರಡು ತಪ್ಪಿದರೂ ಔಷಧದ ಹಿಡಿತ ಸಡಿಲವಾಗುವ ಅಪಾಯವಿದೆಯೆಂದು ನಾವು ಪಾಠ ಹೇಳುತ್ತಿದ್ದ ಕಾಲ. ತಿಂಗಳ ಕೊನೆ, ವರದಿ ಕಳಿಸುವ ಗಡಿಬಿಡಿ. ಒಬ್ಬರ ನಂಬರಿಗೆ ಕರೆ ಮಾಡಿದೆ, ಗಂಡಸಿನ ದನಿ "ಹಲೋ" ಎಂದಿತು, ಅವರೇ ಇರಬೇಕೆಂದುಕೊಂಡು, "ಈ ತಿಂಗಳು ಎಆರ್‌ಟಿ ಮಾತ್ರೆಗೆ ಬರಲೇ ಇಲ್ಲವಲ್ಲ" ಎಂದುಬಿಟ್ಟೆ. ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಆಮೇಲೆ, "ನಾನು ಅವನ ಭಾವಮೈದ. ಏನ್ ಮಾತ್ರೆ ಅದು?" ಎಂಬ ಪ್ರಶ್ನೆ. ಏನೋ ತೊದಲಿ ಫೋನಿಟ್ಟೆ. ಮೊದಲು ಹೆಸರು ಕೇಳಿ ಖಚಿತಪಡಿಸಿಕೊಳ್ಳಬೇಕೆಂಬುದು ಮೊದಲ ವಾರದ ತರಬೇತಿಯಲ್ಲೇ ಕಲಿಸುವ ವಿಷಯ. ಅವರು ಆಮೇಲೆ ನಮ್ಮ ಕಡೆಗೆ ತಲೆ ಹಾಕಲಿಲ್ಲ. ಏಳು ತಿಂಗಳ ನಂತರ ಬೇರೊಂದು ಜಿಲ್ಲೆಯ ಕೇಂದ್ರದಲ್ಲಿ ಚಿಕಿತ್ಸೆ ಮುಂದುವರಿಸುತ್ತಿದ್ದಾರೆಂಬ ಕಾಗದ ಬಂತು. ಆ ಏಳು ತಿಂಗಳು ಅವರು ಎಲ್ಲಿದ್ದರು, ಮನೆಯಲ್ಲಿ ಏನಾಯಿತು ಎಂಬುದು ಕಾಗದದಲ್ಲಿ ಇರುವುದಿಲ್ಲ. ಅನುಮತಿಯಿಲ್ಲದೆ ಒಬ್ಬರ ಸೋಂಕಿನ ವಿಷಯ ಬಹಿರಂಗಪಡಿಸುವಂತಿಲ್ಲ ಎನ್ನುವ ಎಚ್‌ಐವಿ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ಅದರ ಪ್ರತಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ "ಹಲೋ".

ಅಲ್ಲಿಂದಾಚೆಗೆ "ಮನೆಯವರಿಗೆ ಹೇಳಿಬಿಡಿ, ಮನಸ್ಸು ಹಗುರವಾಗುತ್ತದೆ" ಎಂಬ ಸಲಹೆಯನ್ನು ನಾನು ಹಗುರವಾಗಿ ಕೊಡಲಿಲ್ಲ. ಗಂಡ ಅಥವಾ ಹೆಂಡತಿಗೆ ಹೇಳಲೇಬೇಕಾದದ್ದು ಬೇರೆ ಮಾತು. ಅದು ಅವರ ಆರೋಗ್ಯದ ಪ್ರಶ್ನೆ, ಅದಕ್ಕಾಗಿ ವಾರಗಟ್ಟಲೆ ಜೊತೆಗೆ ಕೂತು ಮಾತು ಜೋಡಿಸಿಕೊಟ್ಟಿದ್ದೇನೆ. ಉಳಿದವರಿಗೆ ಹೇಳುವುದು, ಬಿಡುವುದು ಅವರವರ ಲೆಕ್ಕ. ನಗರದ ವೇದಿಕೆಗಳಲ್ಲಿ ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದಂದು ತಮ್ಮ ಸ್ಥಿತಿಯನ್ನು ಬಹಿರಂಗವಾಗಿ ಹೇಳಿಕೊಳ್ಳುವವರ ಬಗ್ಗೆ ನನಗೆ ಅಪಾರ ಗೌರವವಿದೆ, ಅವರಿಂದಾಗಿಯೇ ಕಾನೂನು ಬಂದಿದೆ, ಮಾತ್ರೆ ಬಂದಿದೆ. ಆದರೆ ಆ ಧೈರ್ಯವನ್ನೇ ಅಳತೆಗೋಲು ಮಾಡಿಕೊಂಡು ಪಕ್ಕದ ಬೆಂಚಿನಲ್ಲಿ ಕೂತವರನ್ನು ಅಳೆಯುವುದು ಅನ್ಯಾಯ. ಮಗಳ ಮದುವೆ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ ಎಂದು ನಿರ್ಧರಿಸಿದ ತಂದೆ ಹೇಡಿಯಲ್ಲ.

ಹಾಗೆಂದು ಬಚ್ಚಿಡುವುದಕ್ಕೆ ಬೆಲೆಯಿಲ್ಲವೆಂದೂ ಅಲ್ಲ. ಬೆಂಗಳೂರಿನಲ್ಲಿ ಎಚ್‌ಐವಿ ಸೋಂಕಿತರ ನಡುವೆ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಉಪಯೋಗಕ್ಕೆ ಬಂತು. ತಮಗೇ ನಡೆದ ಅವಮಾನವಷ್ಟೇ ಅಲ್ಲ, ಬೇರೆಯವರಿಗೆ ನಡೆದದ್ದೆಂದು ಕೇಳಿದ ಕತೆಗಳೂ ಜನರಲ್ಲಿ ಕಳಂಕದ ಭಯವನ್ನು ಬೆಳೆಸುತ್ತವೆ, ಆ ಭಯದಿಂದ ಅವರು ವಿಷಯ ಮುಚ್ಚಿಡುತ್ತಾರೆ, ಮುಚ್ಚಿಟ್ಟಷ್ಟೂ ಖಿನ್ನತೆ ಹೆಚ್ಚುತ್ತದೆ ಎಂಬ ಸರಪಳಿಯನ್ನು ಅದು ತೋರಿಸಿತ್ತು. ನನ್ನ ಕೊಠಡಿಯಲ್ಲೂ ಹಾಗೆಯೇ. ಪಕ್ಕದೂರಿನಲ್ಲಿ ಯಾರನ್ನೋ ದನದ ಕೊಟ್ಟಿಗೆಯಲ್ಲಿ ಮಲಗಿಸಿದರಂತೆ ಎಂಬ ಒಂದೇ ಕತೆ ಹತ್ತು ಜನರ ಬಾಯಲ್ಲಿ ಹತ್ತು ಊರಿನ ಹೆಸರು ಹೊತ್ತು ಬರುತ್ತಿತ್ತು. ಅದು ಎಲ್ಲಿಯೂ ನಡೆದಿರಲಿಲ್ಲವೆಂದಲ್ಲ. ಹೆರಿಗೆಗೆ ಬಂದ ಹೆಣ್ಣುಮಗಳ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಎಲ್ಲರದೂ ಮುಗಿದ ಮೇಲೆ ಆಕೆಯ ಸರದಿ ಎಂದು ಕೂರಿಸಿದ್ದನ್ನು ನಾನೇ ಒಂದು ಆಸ್ಪತ್ರೆಯಲ್ಲಿ ಕಂಡು ಜಗಳವಾಡಿದ್ದೇನೆ. ಆದರೆ ಕತೆ ಮಾಡುವಷ್ಟು ಗಾಯವನ್ನು ಎಷ್ಟೋ ಸಲ ಘಟನೆ ಮಾಡುವುದಿಲ್ಲ.

ಕೆಲವರು ಆ ಕತೆಯನ್ನು ತಮ್ಮ ಮೇಲೆ ತಾವೇ ನಡೆಸಿಕೊಳ್ಳುತ್ತಾರೆ. ಟೊಮ್ಯಾಟೊ ಮಂಡಿಯಲ್ಲಿ ಲೋಡು ಮಾಡುತ್ತಿದ್ದ ಒಬ್ಬ ಹಿರಿಯರು ಒಂಬತ್ತು ವರ್ಷದಿಂದ ಮನೆಯಲ್ಲಿ ತಮಗೆಂದೇ ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡಿದ್ದರು. ಯಾರೂ ಹೇಳಿರಲಿಲ್ಲ. ಹೆಂಡತಿ ಕೇಳಿದರೆ ವ್ರತ ಎನ್ನುತ್ತಿದ್ದರು. ಆಕೆಗೆ ವಿಷಯ ಗೊತ್ತಿತ್ತು, ಪರೀಕ್ಷೆಯಲ್ಲಿ ಆಕೆಗೆ ಸೋಂಕಿರಲಿಲ್ಲ, ಆದರೂ ಈ ತಟ್ಟೆಯ ವಿಷಯ ಮಾತ್ರ ಇಬ್ಬರ ನಡುವೆ ಮಾತಿಗೆ ಬಂದಿರಲಿಲ್ಲ. ತಟ್ಟೆ, ಲೋಟ, ಅಪ್ಪುಗೆ, ಮುತ್ತುಗಳಿಂದ ಇದು ಹರಡುವುದಿಲ್ಲ ಎಂದು ಅವರಿಗೆ ನಾನು ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ತಲೆಯಾಡಿಸುತ್ತಿದ್ದರು. ಅವರ ವೈರಲ್ ಲೋಡ್ ವರದಿಯಲ್ಲಿ ವೈರಸ್ ಪತ್ತೆಯಾಗಿಲ್ಲ ಎಂದು ಬಂದ ದಿನ ನನಗೆ ಅವರಿಗಿಂತ ಹೆಚ್ಚು ಸಂತೋಷವಾಗಿತ್ತು. ಮಾತ್ರೆಯನ್ನು ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಸಂಗಾತಿಗೆ ಸೋಂಕು ದಾಟುವುದಿಲ್ಲವೆಂಬುದು ದೊಡ್ಡ ಅಧ್ಯಯನಗಳಿಂದ ದೃಢಪಟ್ಟಿರುವ ವಿಷಯ. ಈ ಕಾಯಿಲೆಯ ಇತಿಹಾಸದಲ್ಲಿ ಮನಸ್ಸಿಗೆ ಇದಕ್ಕಿಂತ ದೊಡ್ಡ ಔಷಧ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಬಹಳ ಜನರನ್ನು ಒಳಗೊಳಗೇ ತಿನ್ನುವುದು ತಾನು ಸಾಯುತ್ತೇನೆಂಬುದಲ್ಲ, ತಾನು ಇನ್ನೊಬ್ಬರಿಗೆ ವಿಷ ಎಂಬ ಭಾವನೆ.

ಆದರೆ "ಪತ್ತೆಯಾಗಿಲ್ಲ" ಎಂಬ ಮಾತನ್ನು "ಹೋಗಿದೆ" ಎಂದು ತಿಳಿದು ಮಾತ್ರೆ ನಿಲ್ಲಿಸಿಬಿಡುವವರಿದ್ದಾರೆ. ಅದಕ್ಕೆ ನಾನು ಗರಿಕೆಯ ಮಾತು ಹೇಳುತ್ತಿದ್ದೆ: ಹೊಲದ ಮೇಲೆ ಒಂದು ಎಸಳೂ ಕಾಣುವುದಿಲ್ಲ, ಆದರೆ ಬೇರು ಮಣ್ಣೊಳಗಿದೆ, ಕಳೆ ತೆಗೆಯುವುದು ಬಿಟ್ಟರೆ ಮತ್ತೆ ಚಿಗುರುತ್ತದೆ. ರಾಗಿ ಬೆಳೆದವರಿಗೆ ಇಷ್ಟು ಸಾಕು. ಮಂಡಿಯ ಆ ಹಿರಿಯರೂ ಗರಿಕೆ ಎಂದ ಕೂಡಲೇ ನಕ್ಕರು, ವರದಿಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಮೂರು ತಿಂಗಳ ಮೇಲೆ ತಟ್ಟೆಯ ಬಗ್ಗೆ ಕೇಳಿದೆ. "ಲೋಟ ಬಿಟ್ಟಿದ್ದೀನಿ ಮೇಡಂ. ತಟ್ಟೆ ಇರ್ಲಿ, ಅಭ್ಯಾಸ ಆಗಿದೆ," ಎಂದರು.

ಹುಟ್ಟಿನಿಂದಲೇ ಸೋಂಕು ಹೊತ್ತ ಮಕ್ಕಳದು ಪ್ರತ್ಯೇಕ ಬರಹವೇ ಆಗಬೇಕಾದ ವಿಷಯ. ಹತ್ತು ಹನ್ನೆರಡು ವರ್ಷ "ರಕ್ತ ಹೆಚ್ಚಾಗುವ ಮಾತ್ರೆ" ಎಂದು ನಂಬಿ ನುಂಗಿದ ಮಗು ಒಂದು ದಿನ ಶಾಲೆಯ ವಿಜ್ಞಾನದ ಪುಸ್ತಕದಲ್ಲೋ ಆಸ್ಪತ್ರೆಯ ಗೋಡೆಯ ಮೇಲಿನ ಪೋಸ್ಟರಿನಲ್ಲೋ ನಿಜವನ್ನು ತಾನೇ ಜೋಡಿಸಿಕೊಳ್ಳುತ್ತದೆ. ಆ ಮಕ್ಕಳ ಕೋಪ ಕಾಯಿಲೆಯ ಮೇಲಲ್ಲ, ಸುಳ್ಳು ಹೇಳಿದ ಅಜ್ಜಿಯ ಮೇಲೆ. ಹಾಸ್ಟೆಲ್ ಸೇರಿದ ಕೂಡಲೇ ಮಾತ್ರೆ ಬಿಡುವವರಲ್ಲಿ ಇವರೇ ಹೆಚ್ಚು ಎಂಬುದು ನನ್ನ ಅನುಭವ.

ಖಿನ್ನತೆ ಕಂಡಾಗ ಮನೋವೈದ್ಯರ ಬಳಿ ಕಳಿಸುವುದು ಕಾಗದದ ಮೇಲೆ ಸುಲಭ. "ಒಂದು ಸಾಲದು ಅಂತ ಹುಚ್ಚು ಅನ್ನಿಸ್ಕೋಬೇಕಾ?" ಎಂದು ಕೇಳಿದವರಿಗೆ ನಾನು ಒತ್ತಾಯ ಮಾಡುತ್ತಿರಲಿಲ್ಲ. ಈಗ ಎಚ್‌ಐವಿ ವಿಚಾರಗಳಿಗೆ 1097, ಮನಸ್ಸಿನ ವಿಚಾರಗಳಿಗೆ 2022ರಲ್ಲಿ ಆರಂಭವಾದ ಟೆಲಿ ಮನಸ್‌ನ 14416, ಎರಡಕ್ಕೂ ಮುಖ ತೋರಿಸದೆ ಮಾತನಾಡಬಹುದು. ಮುಖ ತೋರಿಸಬೇಕಿಲ್ಲ ಎಂಬುದು ನಮ್ಮ ಕಡೆ ಸಣ್ಣ ಸೌಕರ್ಯವಲ್ಲ. ಅದೂ ಒಂದು ಪಕ್ಕದ ಬೆಂಚೇ.

ಇಷ್ಟು ವರ್ಷಗಳಲ್ಲಿ ಯಾರು ನಿಭಾಯಿಸಿದರು, ಯಾರಿಗೆ ಆಗಲಿಲ್ಲ ಎಂದು ಹಿಂತಿರುಗಿ ನೋಡಿದರೆ ವಿದ್ಯೆ, ಹಣ, ದೈವಭಕ್ತಿ ಯಾವುದೂ ನನಗೆ ಖಚಿತವಾದ ಗೆರೆಯಾಗಿ ಕಾಣುವುದಿಲ್ಲ. ಕಾಣುವುದು ಒಂದೇ: ಗೊತ್ತಿರುವ ಒಬ್ಬರು ಇದ್ದಾರೋ ಇಲ್ಲವೋ. ಊರಿಗೆಲ್ಲ ಗೊತ್ತಾಗಬೇಕಿಲ್ಲ, ಒಬ್ಬರು ಸಾಕು. ಕೆಲವರಿಗೆ ಅದು ಅಕ್ಕ, ಕೆಲವರಿಗೆ ಮಾತ್ರೆಯ ಸಾಲಿನಲ್ಲಿ ಪರಿಚಯವಾದ ಮತ್ತೊಬ್ಬ ಸೋಂಕಿತರು. ಎಆರ್‌ಟಿ ಕೇಂದ್ರದ ಸಾಲಿನಲ್ಲಿ "ನಿಂದೆಷ್ಟಪ್ಪ ಕೌಂಟು?" ಎಂದು ಪರೀಕ್ಷೆಯ ಅಂಕ ವಿಚಾರಿಸುವಂತೆ ಕೇಳಿ, ತನ್ನದು ಹೆಚ್ಚಿದ್ದರೆ ಟೀ ಕೊಡಿಸುವ ಗೆಳೆತನಗಳನ್ನು ಕಂಡಿದ್ದೇನೆ. ಅಲ್ಲಿ ನಗು ಇರುತ್ತದೆ. ಮನೆಯಲ್ಲಿ ನಗದವರೂ ಅಲ್ಲಿ ನಗುತ್ತಾರೆ. ಯಾರೂ ಇಲ್ಲದವರಿಗೆ ತಿಂಗಳಿಗೊಮ್ಮೆ ಅರ್ಧ ಗಂಟೆ ನಾನೇ ಆ ಒಬ್ಬರಾಗಿದ್ದೆ, ಅದು ಸಾಲುತ್ತಿರಲಿಲ್ಲ ಎಂದೂ ನನಗೆ ಗೊತ್ತಿತ್ತು.

ರೇಷ್ಮೆಯ ಆಕೆಗೂ ನಾನೊಬ್ಬಳೇ ಎಂದು ಬಹಳ ಕಾಲ ತಿಳಿದಿದ್ದೆ. ಒಂದು ಸಲ ಬೆಳೆ ಇಳಿದು, ಗೂಡು ಮಾರುಕಟ್ಟೆಗೆ ಹೋಗಿ, ಮುಂದಿನ ಬೆಳೆಯ ಚಾಕಿ ಹುಳು, ಅಂದರೆ ಮರಿ ಹುಳು, ತರುವ ಮೊದಲು ಹುಳದ ಮನೆಯನ್ನು ತೊಳೆದು ಬ್ಲೀಚಿಂಗ್ ಹೊಡೆದು ಖಾಲಿ ಬಿಟ್ಟಿದ್ದರಂತೆ. ಅಂಥ ದಿನಗಳಲ್ಲಿ ರಾತ್ರಿ ಮೇಲೆ ಹೋಗಲು ನೆಪವಿರುವುದಿಲ್ಲ, ಹಾಗಾಗಿ ಅತ್ತೆ ಮಲಗುವುದನ್ನೇ ಕಾಯುತ್ತ ಆಕೆ ಒಲೆಯ ಮುಂದೆ ಕೂತಿದ್ದರು. ಮನೆಯಲ್ಲಿ ಒಂದು ಹುಳವೂ ಇಲ್ಲ, ತೋಟದಲ್ಲಿ ಸೊಪ್ಪು ಕೊಯ್ದು ಮುಗಿದಿದೆ. ಒಂಬತ್ತಾಗುತ್ತಲೇ ಅತ್ತೆ ಚಾಪೆಯ ಮೇಲಿಂದ, ಈ ಕಡೆ ತಿರುಗದೆ, "ಹುಳಕ್ಕೆ ಸೊಪ್ಪು ಹಾಕ್ಬಂದ್ಯೇನಮ್ಮ?" ಎಂದು ಕೇಳಿದರು.

ಇದನ್ನು ಹೇಳುವಾಗ ಆಕೆ ನನ್ನ ಮೇಜಿನ ಅಂಚನ್ನು ಹಿಡಿದುಕೊಂಡಿದ್ದರು. ಏನೆಂದಿರಿ ಎಂದು ಕೇಳಿದೆ.

"ಈಗ ಹೋಗ್ತೀನಿ ಅತ್ತೆ ಅಂದೆ ಮೇಡಂ. ಎದ್ದು ಮೇಲೆ ಹೋದೆ."